ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಕೈ ಥೆರಪಿ ಕಿಟ್: ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ತೆಗೆದಿಡಬೇಕು

ಮಕ್ಕಳ ಬೆರಳುಗಳ ಚಳಕ ಬೆಳೆಸುವ ಕಿಟ್ ಎಂದು ಮಾರುವ ಪೆಟ್ಟಿಗೆಗಳನ್ನು ಯಾರೇ ತಯಾರಿಸಿರಲಿ, ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ಒಂದು ಡಬ್ಬಿ ಪುಟ್ಟಿ (ಕೈಯಲ್ಲಿ ಹಿಸುಕುವ ಸಿಲಿಕೋನ್ ಮುದ್ದೆ), ಪ್ಲಾಸ್ಟಿಕ್ ಚಿಮಟ, ಮೆತ್ತನೆಯ ಬಣ್ಣದ ಉಂಡೆಗಳು, ತೂತುಗಳಿಗೆ ಚಿಕ್ಕ ಗೂಟ ಸಿಕ್ಕಿಸುವ ಪೆಗ್ ಬೋರ್ಡ್, ಪೋಣಿಸುವ ಮಣಿ, ಕಲಿಕೆಯ ಕತ್ತರಿ, ಮೂರು ನಾಲ್ಕು ಬಗೆಯ ಪೆನ್ಸಿಲ್ ಗ್ರಿಪ್ (ಪೆನ್ಸಿಲಿಗೆ ತೊಡಿಸುವ ಹಿಡಿ), ಗುಂಡಿ ಮತ್ತು ಜಿಪ್ ಅಭ್ಯಾಸಕ್ಕೆ ಒಂದು ಬಟ್ಟೆಯ ಹಲಗೆ. ಡೌನ್ ಸಿಂಡ್ರೋಮ್ ಇರುವ ಮಗುವಿಗೆಂದು ತರಿಸಿದರೆ ಇದರಲ್ಲಿ ಅರ್ಧ ಭಾಗ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಕಾಲು ಭಾಗವನ್ನು ಸ್ವಲ್ಪ ಬದಲಾಯಿಸಿಕೊಂಡು ಬಳಸಬಹುದು. ಉಳಿದದ್ದನ್ನು ತೆಗೆದಿಡುವುದೇ ಒಳ್ಳೆಯದು. ಯಾವುದು ಯಾವ ಗುಂಪಿಗೆ ಸೇರುತ್ತದೆ ಎಂದು ತಿಳಿಯಲು ನಾವು ನಂಬುವ ಪರೀಕ್ಷೆ ಒಂದೇ: ಮಗು ಆ ವಸ್ತುವನ್ನು ಹಿಡಿದಾಗ ಹೆಬ್ಬೆರಳು ಏನು ಮಾಡುತ್ತಿದೆ?

ಹೆಬ್ಬೆರಳೇ ಯಾಕೆ ಎನ್ನುವುದಕ್ಕೆ ಕಾರಣ ಕೈಯ ರಚನೆಯಲ್ಲಿದೆ. ಈ ಮಕ್ಕಳಲ್ಲಿ ಅಂಗೈ ಅಗಲ, ಬೆರಳುಗಳು ಗಿಡ್ಡ. ಕಿರುಬೆರಳು ಅನೇಕರಲ್ಲಿ ಒಳಗೆ ಬಾಗಿರುತ್ತದೆ. ಹೆಬ್ಬೆರಳು ಚಿಕ್ಕದಾಗಿ, ಕೊಂಚ ಕೆಳಗೆ ಕೂತಿರಬಹುದು. ಇದರ ಜೊತೆಗೆ ಸ್ನಾಯುಗಳ ಬಿಗಿ ಕಡಿಮೆ, ಕೀಲುಗಳನ್ನು ಹಿಡಿದಿಡುವ ಲಿಗಮೆಂಟುಗಳು ಸಡಿಲ. ಕೀಲು ಅಲುಗಾಡುತ್ತಿದ್ದರೆ ಹಿಡಿತಕ್ಕೆ ಆಧಾರ ಸಿಗದು. ಆಗ ಮಗು ತಾನಾಗಿಯೇ ಒಂದು ಉಪಾಯ ಹುಡುಕಿಕೊಳ್ಳುತ್ತದೆ: ಹೆಬ್ಬೆರಳ ಬುಡದ ಗೆಣ್ಣನ್ನು ಹಿಂದಕ್ಕೆ ಬಾಗಿಸಿ, ಅದು ಇನ್ನು ಮುಂದೆ ಹೋಗದಂತೆ ಲಾಕ್ ಮಾಡಿ, ವಸ್ತುವನ್ನು ತೋರುಬೆರಳ ಪಕ್ಕಕ್ಕೆ ಒತ್ತಿ ಹಿಡಿಯುತ್ತದೆ. ವಸ್ತು ಬೀಳುವುದಿಲ್ಲ, ಸರಿ. ಆದರೆ ಬೆರಳ ತುದಿಗಳು ಕೆಲಸವನ್ನೇ ಮಾಡುವುದಿಲ್ಲ, ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ದುಂಡನೆಯ ಜಾಗ ಮುಚ್ಚಿಹೋಗುತ್ತದೆ. ಗುಂಡಿ ಹಾಕುವುದು, ಪೆನ್ಸಿಲ್ ಸರಿಸುವುದು, ಜಿಪ್ಪಿನ ತುದಿ ಸೇರಿಸುವುದು ಎಲ್ಲಕ್ಕೂ ಬೇಕಾದದ್ದು ಆ ದುಂಡನೆಯ ಜಾಗವೇ.

ಹಾಗಾಗಿ ಪರೀಕ್ಷೆ ಸುಲಭ. ಮಗು ವಸ್ತುವನ್ನು ಹಿಡಿದಾಗ ಪಕ್ಕದಿಂದ ನೋಡಿ. ಹೆಬ್ಬೆರಳು ಮತ್ತು ತೋರುಬೆರಳು ಸೇರಿ ಸೊನ್ನೆಯ ಆಕಾರ ಆಗಿದ್ದರೆ ಆ ಸಾಧನ, ಆ ಗಾತ್ರ, ಆ ಬಿಗಿ ಮಗುವಿಗೆ ಹೊಂದುತ್ತದೆ. ಹೆಬ್ಬೆರಳು ನೆಟ್ಟಗಾಗಿ ಹಿಂದಕ್ಕೆ ಬಾಗಿದ್ದರೆ ಸಾಧನವನ್ನು ಬದಲಾಯಿಸಬೇಕು, ಇಲ್ಲವೇ ಇನ್ನೂ ಮೆತ್ತನೆಯದನ್ನು ಕೊಡಬೇಕು. 'ಇನ್ನೂ ಜೋರಾಗಿ ಒತ್ತು' ಎಂದು ಹುರಿದುಂಬಿಸಿದರೆ ಆ ತಪ್ಪು ಹಿಡಿತವೇ ಗಟ್ಟಿಯಾಗುತ್ತದೆ. ಎಲ್ಲ ಸಾಧನದಲ್ಲೂ ಗೆಣ್ಣು ಹಿಂದಕ್ಕೆ ಬಾಗುತ್ತಿದ್ದರೆ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳಿಗೆ ಕೈ ಮೈ ಪಳಗಿಸುವ ಚಿಕಿತ್ಸಕರು) ಮಗುವಿನ ಕೈ ನೋಡಿ, ಅಳತೆ ತೆಗೆದುಕೊಂಡು, ನಿಯೋಪ್ರೀನ್ ಎಂಬ ರಬ್ಬರಿನಂಥ ಬಟ್ಟೆಯ ಚಿಕ್ಕ ಹೆಬ್ಬೆರಳ ಪಟ್ಟಿಯನ್ನು ಕೆಲಸದ ಹೊತ್ತಿಗೆ ಮಾತ್ರ ಹಾಕಿಸಬಹುದು. ಅಂದಾಜಿನ ಮೇಲೆ ತರಿಸಿಕೊಳ್ಳುವ ವಸ್ತು ಅದಲ್ಲ.

ಪೆಟ್ಟಿಗೆ ತೆರೆಯುವ ಮೊದಲು ಕುರ್ಚಿಯ ಮಾತು ಆಡಲೇಬೇಕು. ಯಾವ ಕಿಟ್ಟಿನಲ್ಲೂ ಅದು ಬರುವುದಿಲ್ಲ, ಆದರೆ ಉಳಿದೆಲ್ಲದರ ಫಲ ಅದರ ಮೇಲೆ ನಿಂತಿದೆ. ಮೈಯ ಬಿಗಿ ಕಡಿಮೆ ಇರುವ ಮಗು ಕಾಲು ನೇತಾಡಿಸಿಕೊಂಡು ಕೂತರೆ, ಬೀಳದೆ ಇರುವುದಕ್ಕೇ ಒಂದು ಕೈ ಮೇಜಿನ ಮೇಲೆ ಊರುತ್ತದೆ. ಉಳಿದದ್ದು ಒಂದೇ ಕೈ. ಎರಡು ಕೈ ಬೇಕಾದ ಕೆಲಸವನ್ನು ಮಗು 'ಮಾಡಲ್ಲ' ಎಂದು ನಮಗೆ ಅನ್ನಿಸುವುದು ಅನೇಕ ಸಲ ಇದರಿಂದಲೇ. ಪಾದ ಪೂರ್ತಿ ನೆಲಕ್ಕೆ ಅಥವಾ ಗಟ್ಟಿ ಮಣೆಗೆ ತಾಗಬೇಕು. ಸೊಂಟ, ಮಂಡಿ, ಕಾಲಿನ ಗಿಣ್ಣು ಮೂರೂ ಸುಮಾರು 90 ಡಿಗ್ರಿಯಲ್ಲಿರಬೇಕು. ಮೇಜು ಮೊಣಕೈಯ ಮಟ್ಟಕ್ಕೆ ಅಥವಾ ಅದಕ್ಕಿಂತ 2ರಿಂದ 5 ಸೆಂಟಿಮೀಟರ್ ಮೇಲೆ ಇರಲಿ. ಸೀಟು ಉದ್ದವಾಗಿದ್ದರೆ ಬೆನ್ನ ಹಿಂದೆ ಗಟ್ಟಿ ದಿಂಬು ಇಡಿ. ಮಂಡಿಯ ಹಿಂಭಾಗಕ್ಕೂ ಸೀಟಿನ ಅಂಚಿಗೂ ನಡುವೆ ಎರಡು ಬೆರಳಷ್ಟು ಜಾಗ ಉಳಿಯಬೇಕು. ಜಾರುವ ಸೀಟಿನ ಮೇಲೆ ರಬ್ಬರ್ ಜಾಲರಿಯ ತುಂಡೊಂದನ್ನು ಹಾಸಿದರೆ ಸೊಂಟ ಮುಂದಕ್ಕೆ ಜಾರುವುದು ನಿಲ್ಲುತ್ತದೆ.

ಕೈಗೆ ಶಕ್ತಿ ಬರಲೆಂದು ಕಾಲು ಎತ್ತಿ ಹಿಡಿದು ಕೈ ಮೇಲೆ ನಡೆಸುವ ಆಟವನ್ನು ಕೆಲವು ಕಿಟ್ಟುಗಳ ಕೈಪಿಡಿಯಲ್ಲಿ ಸೇರಿಸಿರುತ್ತಾರೆ. ಭುಜ ಗಟ್ಟಿಯಾಗಲು ಅಂಗೈ ಮೇಲೆ ಭಾರ ಬಿಡುವುದು ಒಳ್ಳೆಯ ಅಭ್ಯಾಸವೇ. ಎಳೆ ಮಗು ಹೊಟ್ಟೆಯ ಮೇಲೆ ಮಲಗಿ ಕೈ ಊರಿ ಎದೆ ಎತ್ತುವಾಗಲೇ ಅದು ಶುರುವಾಗುತ್ತದೆ. ಆದರೆ ಡೌನ್ ಸಿಂಡ್ರೋಮ್‌ನಲ್ಲಿ ಕತ್ತಿನ ಮೊದಲೆರಡು ಮೂಳೆಗಳ ನಡುವಿನ ಕೀಲು ಕೆಲವರಲ್ಲಿ ಅಸ್ಥಿರವಾಗಿರುತ್ತದೆ. ಕತ್ತು ಜೋತುಬೀಳುವ, ತಲೆ ನೆಲಕ್ಕೆ ತಾಗುವ, ಪಲ್ಟಿ ಹೊಡೆಯುವ ಆಟಗಳನ್ನು ವೈದ್ಯರನ್ನು ಕೇಳದೆ ಮಾಡಿಸಬಾರದು. ಕತ್ತು ನೋವು, ತಲೆ ಒಂದೇ ಕಡೆಗೆ ವಾಲುವುದು, ನಡಿಗೆ ಬದಲಾಗುವುದು, ಕೈಯಲ್ಲಿ ಮೊದಲಿದ್ದ ಶಕ್ತಿ ಇಳಿಯುವುದು, ಮೊದಲು ಹಿಡಿತದಲ್ಲಿದ್ದ ಮೂತ್ರ ತಪ್ಪುವುದು ಕಂಡರೆ ಥೆರಪಿ ನಿಲ್ಲಿಸಿ ಕೂಡಲೇ ವೈದ್ಯರ ಬಳಿ ಹೋಗಬೇಕು. ಗೋಡೆಗೆ ಕೈ ಊರಿ ತಳ್ಳುವುದು, ಅಂಬೆಗಾಲಿನಲ್ಲಿ ಪೈಪಿನಂಥ ಗೂಡೊಳಗೆ ಹೋಗುವುದು ಸುರಕ್ಷಿತ ಬದಲಿಗಳು.

ಈಗ ಪೆಟ್ಟಿಗೆ. ಪುಟ್ಟಿಗೆ ನಮ್ಮ ಪೂರ್ಣ ಅಂಕ, ಸರಿಯಾದ ಬಿಗಿಯದ್ದು ಸಿಕ್ಕರೆ ಮಾತ್ರ. ಹೆಚ್ಚಿನ ಸೆಟ್ಟುಗಳಲ್ಲಿ ಹಳದಿ ಮೆತ್ತಗೆ, ಕೆಂಪು, ಹಸಿರು, ನೀಲಿ ಕ್ರಮವಾಗಿ ಬಿಗಿ. ಆದರೆ ಬಣ್ಣದ ಲೆಕ್ಕ ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ, ಡಬ್ಬಿಯ ಮೇಲಿನ ಬರಹ ಓದಬೇಕು. ಆರಂಭಕ್ಕೆ ಇರುವುದರಲ್ಲಿ ಅತಿ ಮೆತ್ತನೆಯದು, ಸುಮಾರು 57 ಗ್ರಾಂ ಸಾಕು. ದೊಡ್ಡ ಮುದ್ದೆ ಕೊಟ್ಟರೆ ಗಿಡ್ಡ ಬೆರಳಿನ ಅಂಗೈ ತುಂಬಿ ಬೆರಳ ತುದಿಗೆ ಕೆಲಸವೇ ಉಳಿಯದು. ಎರಡೂ ಅಂಗೈ ಚಪ್ಪಟೆ ಮಾಡಿ ಮೇಜಿನ ಮೇಲೆ ಉರುಳಿಸಿ 10ರಿಂದ 12 ಸೆಂಟಿಮೀಟರ್ ಉದ್ದದ ಬತ್ತಿ ಮಾಡಿಸಿ. ನಂತರ ಒಂದು ತುದಿಯಿಂದ ಶುರು ಮಾಡಿ ಹೆಬ್ಬೆರಳು, ತೋರುಬೆರಳು, ನಡುಬೆರಳಿನಿಂದ ಎಂಟು ಹತ್ತು ಕಡೆ ಚಿವುಟಿಸಿ. ಚಿವುಟುವಾಗ ಉಂಗುರಬೆರಳು ಮತ್ತು ಕಿರುಬೆರಳು ಒಳಗೆ ಮಡಿದಿರಲೆಂದು ಅವೆರಡರ ಕೆಳಗೆ ಬಟ್ಟೆಯ ಚಿಕ್ಕ ತುಂಡು ಹಿಡಿಸಬಹುದು. ಇಷ್ಟಕ್ಕೆ ಐದು ನಿಮಿಷ ಸಾಕು.

ಪುಟ್ಟಿ ಬಿಗಿಯಾಯಿತು ಎನ್ನುವುದನ್ನು ಕೈಗಿಂತ ಮೊದಲು ಮೈ ಹೇಳುತ್ತದೆ. ಭುಜ ಕಿವಿಯ ಕಡೆಗೆ ಏರುತ್ತದೆ, ಮಣಿಕಟ್ಟು ಕೆಳಕ್ಕೆ ಮಡಿಯುತ್ತದೆ, ನಾಲಿಗೆ ಹೊರಬರುತ್ತದೆ, ಮಗು ಎದ್ದು ನಿಂತು ಮೈಭಾರವನ್ನೆಲ್ಲ ಒತ್ತಲು ನೋಡುತ್ತದೆ. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಒಂದು ಹಂತ ಮೆತ್ತನೆಯದಕ್ಕೆ ಇಳಿಯಿರಿ. ಪುಟ್ಟಿಯೊಳಗೆ ಮಣಿ ಬಚ್ಚಿಟ್ಟು ಹುಡುಕಿಸುವ ಆಟ ಎಲ್ಲ ಕೈಪಿಡಿಗಳಲ್ಲೂ ಇದೆ. ಒಳ್ಳೆಯ ಆಟವೇ, ಆದರೆ ಈ ಮಕ್ಕಳಲ್ಲಿ ಅನೇಕರು ವಸ್ತುಗಳನ್ನು ಬಾಯಿಗಿಡುವ ಅಭ್ಯಾಸವನ್ನು ತಡವಾಗಿ ಬಿಡುತ್ತಾರೆ. ಹಾಗಿರುವವರೆಗೆ ಪುಟ್ಟ ಮಣಿಯೂ ಬೇಡ, ಪುಟ್ಟಿಯೂ ಬೇಡ. ಅವರಿಗೆ ಹಿಟ್ಟಿನ ಮುದ್ದೆ ಕೊಡೋಣ ಎನ್ನುವವರು ಇನ್ನೊಂದು ವಿಷಯ ಗಮನಿಸಬೇಕು: ಅಂಗಡಿಯ ಆಟದ ಹಿಟ್ಟಿನಲ್ಲಿ, ಪ್ಲೇ-ಡೋ ಸೇರಿ, ಸಾಮಾನ್ಯವಾಗಿ ಗೋಧಿ ಇರುತ್ತದೆ. ಡೌನ್ ಸಿಂಡ್ರೋಮ್ ಇರುವವರಲ್ಲಿ ಸೀಲಿಯಾಕ್ ಕಾಯಿಲೆ (ಗೋಧಿಯಲ್ಲಿರುವ ಗ್ಲುಟನ್ ಎಂಬ ಅಂಶ ಕರುಳಿಗೆ ಹಾನಿ ಮಾಡುವ ಕಾಯಿಲೆ) ಉಳಿದವರಿಗಿಂತ ಹೆಚ್ಚು. ಆ ಕಾಯಿಲೆ ಇರುವ ಮಗು ಹಿಟ್ಟು ಮುಟ್ಟಿದ ಕೈ ಬಾಯಿಗಿಟ್ಟರೆ ತೊಂದರೆ. ಅಕ್ಕಿ ಹಿಟ್ಟು ಅಥವಾ ಜೋಳದ ಗಂಜಿಪುಡಿಯಿಂದ ಮುದ್ದೆ ಮಾಡಿಕೊಳ್ಳುವುದು ಕಷ್ಟವಲ್ಲ.

ಸಿಲಿಕೋನ್ ಪುಟ್ಟಿ ಒಣಗುವುದಿಲ್ಲ, ಆದರೆ ನೂಲು, ಕೂದಲು, ಧೂಳು ಹಿಡಿದುಕೊಂಡು ಕೊಳೆಯಾಗುತ್ತದೆ. ಬಟ್ಟೆಯ ಮೇಲೆ ಬಿಟ್ಟರೆ ನಿಧಾನವಾಗಿ ಹರಿದು ನೂಲಿನೊಳಕ್ಕೆ ಇಳಿದುಬಿಡುತ್ತದೆ. ಆಗ ಕೆರೆದು ತೆಗೆದು, ಉಳಿದದ್ದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಬೇಕು. ಆ ಆಲ್ಕೋಹಾಲನ್ನು ಮಗುವಿನ ಕೈಗೆ ಸಿಗದಂತೆ ಇಟ್ಟುಕೊಳ್ಳಿ.

ಚಿಮಟ ಈ ಪೆಟ್ಟಿಗೆಯ ಅತಿ ಆಕರ್ಷಕ ವಸ್ತು, ಅತಿ ಹೆಚ್ಚು ತಪ್ಪಾಗಿ ಬಳಕೆಯಾಗುವುದೂ ಇದೇ. ಹತ್ತಿರದಿಂದ ನೋಡಿ. ಬಿಗಿ ಚಿಮಟವನ್ನು ಕೈಗಿತ್ತಾಗ ಮಗು ಮೊದಲು ಬೆರಳ ತುದಿಯಿಂದಲೇ ಒತ್ತಲು ನೋಡುತ್ತದೆ. ಸ್ಪ್ರಿಂಗ್ ಮಣಿಯದು. ಹೆಬ್ಬೆರಳ ತುದಿ ಚಿಮಟದ ಬೆನ್ನ ಮೇಲೆ ಜಾರುತ್ತದೆ, ಬುಡದ ಗೆಣ್ಣು ಹಿಂದಕ್ಕೆ ಬಾಗುತ್ತದೆ, ಉಗುರು ಬೆಳ್ಳಗಾಗುತ್ತದೆ. ಮರುಕ್ಷಣ ಚಿಮಟ ಅಂಗೈಗೆ ಇಳಿದು ನಾಲ್ಕೂ ಬೆರಳು ಮುಷ್ಟಿಯಾಗುತ್ತವೆ. ಉಂಡೆ ಬಟ್ಟಲಿಗೆ ಬೀಳುತ್ತದೆ, ಸುತ್ತಲಿದ್ದವರು ಚಪ್ಪಾಳೆ ತಟ್ಟುತ್ತಾರೆ, ಬೆರಳ ತುದಿಗೆ ಮಾತ್ರ ಏನೂ ಸಿಕ್ಕಿಲ್ಲ. ಕೊಳ್ಳುವ ಮುನ್ನ ಹೀಗೆ ಪರೀಕ್ಷಿಸಿ: ನಿಮ್ಮ ಹೆಬ್ಬೆರಳು ಮತ್ತು ಕಿರುಬೆರಳ ನಡುವೆ ಚಿಮಟ ಹಿಡಿದು ಒತ್ತಿ. ಆ ಎರಡು ಬೆರಳಿಗೇ ಸಲೀಸಾಗಿ ಮುಚ್ಚಿದರೆ ಮಾತ್ರ ಮಗುವಿಗೆ ಕೊಡಬಹುದು. ಉದ್ದ 12ರಿಂದ 15 ಸೆಂಟಿಮೀಟರ್, ಬಾಯಿ 4ರಿಂದ 5 ಸೆಂಟಿಮೀಟರ್ ತೆರೆಯುವಂಥದ್ದು, ಬೆರಳು ಊರಲು ತಗ್ಗಿರುವ ಅಗಲ ತೋಳಿನದು ಹೊಂದುತ್ತದೆ. ಬಟ್ಟೆ ಕ್ಲಿಪ್ಪುಗಳಿಗೂ ಇದೇ ಪರೀಕ್ಷೆ. ಹೆಚ್ಚಿನವು ಇದರಲ್ಲಿ ಸೋಲುತ್ತವೆ, ಮುಂದೆ ಕೈ ಗಟ್ಟಿಯಾದ ಮೇಲೆ ಬರಲಿ.

ಚಿಮಟದ ಜೊತೆ ಬರುವ ಮೆತ್ತನೆಯ ಉಂಡೆಗಳನ್ನು, ಬಾಯಿಗಿಡುವ ಮಗುವಿದ್ದರೆ, ಮೊದಲ ದಿನವೇ ತೆಗೆದಿಡಿ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು ಪರೀಕ್ಷಿಸುವ ಸಿಲಿಂಡರಿನ ಅಡ್ಡಳತೆ 31.7 ಮಿಲಿಮೀಟರ್. ಅದರೊಳಗೆ ಪೂರ್ತಿ ಕೂರುವ ಯಾವ ಬಿಡಿ ಭಾಗವೂ ಉಸಿರುಗಟ್ಟಿಸಬಲ್ಲದು. ಮೆತ್ತನೆಯ ಉಂಡೆ ಅದಕ್ಕಿಂತ ದೊಡ್ಡದಿದ್ದರೂ ಒತ್ತಿಕೊಂಡು ಗಂಟಲಿಗೆ ಇಳಿಯಬಹುದು. ಪೆಟ್ಟಿಗೆಯ ಮೇಲೆ ಬರೆದಿರುವ ವಯಸ್ಸನ್ನು ನೋಡಿ ನಿರ್ಧರಿಸಬೇಡಿ, ಮಗು ಇನ್ನೂ ಬಾಯಿಗಿಡುತ್ತದೆಯೇ ಎಂಬುದನ್ನು ನೋಡಿ. 3.5 ಸೆಂಟಿಮೀಟರಿನ ಗಟ್ಟಿ ಮರದ ಘನಗಳು ಚಿಮಟಕ್ಕೆ ಒಳ್ಳೆಯ ಜೋಡಿ. ಅಯಸ್ಕಾಂತದ ಪುಟ್ಟ ಗುಂಡುಗಳು ಅಥವಾ ಗುಂಡಿ ಬ್ಯಾಟರಿ ಹಾಕುವ ಆಟಿಕೆ ಪೆಟ್ಟಿಗೆಯಲ್ಲಿದ್ದರೆ ಅವನ್ನು ಮನೆಯಿಂದಲೇ ಹೊರಗಿಡಿ.

ಪೆಗ್ ಬೋರ್ಡುಗಳಲ್ಲಿ ಮರದ್ದಕ್ಕಿಂತ ರಬ್ಬರಿನಂಥ ಫೋಮಿನದು ಮೇಲು. ಫೋಮಿನ ತೂತು ಪೆಗ್ಗನ್ನು ಸ್ವಲ್ಪ ಹಿಡಿದುಕೊಳ್ಳುವುದರಿಂದ ಒಳಗೆ ಹೋಯಿತೆಂಬುದು ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ, ಬೋರ್ಡು ಅಲುಗಿದರೂ ಪೆಗ್ ಬೀಳುವುದಿಲ್ಲ. 4ರಿಂದ 5 ಸೆಂಟಿಮೀಟರ್ ಎತ್ತರದ, ತಲೆ ದಪ್ಪವಿರುವ ಪೆಗ್ ಇರಲಿ. ಬೋರ್ಡನ್ನು ಮೇಜಿನ ಮೇಲೆ ಮಲಗಿಸುವ ಬದಲು ಗೋಡೆಗೆ ಕಣ್ಣಿನ ಮಟ್ಟಕ್ಕೆ ಭದ್ರವಾಗಿ ಕಟ್ಟಿ ನೋಡಿ. ಮಣಿಕಟ್ಟು ತಾನಾಗಿಯೇ ಹಿಂದಕ್ಕೆ ಏಳುತ್ತದೆ. ಆ ಭಂಗಿಯಲ್ಲಿ ಬೆರಳ ಸ್ನಾಯುರಜ್ಜುಗಳಿಗೆ ಎಳೆತ ಸರಿಯಾಗಿ ಸಿಗುವುದರಿಂದ ಹೆಬ್ಬೆರಳು ತೋರುಬೆರಳಿನ ಎದುರಿಗೆ ಬರುವುದು ಸುಲಭವಾಗುತ್ತದೆ. ಇಷ್ಟು ಕಡಿಮೆ ಶ್ರಮದಲ್ಲಿ ಇಷ್ಟು ಗುಣ ಕೊಡುವ ಬದಲಾವಣೆ ಈ ಕಿಟ್ಟಿನಲ್ಲಿ ಬೇರೊಂದಿಲ್ಲ.

ಮಣಿಗಳ ಬಗ್ಗೆ ಹೇಳುವುದಾದರೆ ಎಡವಟ್ಟು ಮಣಿಯದಲ್ಲ, ದಾರದ್ದು. ಕಿಟ್ಟಿನ ಲೇಸಿನ ತುದಿಯ ಗಟ್ಟಿ ಭಾಗ ಒಂದೂವರೆ ಸೆಂಟಿಮೀಟರ್ ಮಾತ್ರ ಇರುತ್ತದೆ. ಮಗು ಅದನ್ನು ಹಿಡಿದರೆ ಮಣಿಯೊಳಗೆ ತೂರಿಸಲು ಏನೂ ಉಳಿಯುವುದಿಲ್ಲ. ಮೊದಲು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದ ಕಡ್ಡಿಗೆ ಮಣಿ ಇಳಿಸುವುದು, ಆಮೇಲೆ ಗಟ್ಟಿ ಪ್ಲಾಸ್ಟಿಕ್ ನಳಿಗೆ, ಆಮೇಲೆ ನೂಲು ಸುತ್ತಿದ ಬಾಗುವ ತಂತಿ, ಕೊನೆಗೆ 5 ಸೆಂಟಿಮೀಟರ್ ತುದಿಯನ್ನು ಟೇಪ್ ಸುತ್ತಿ ಗಟ್ಟಿ ಮಾಡಿದ ಲೇಸು. ಈ ಕ್ರಮದಲ್ಲಿ ಹೋದರೆ ತಡೆ ಕಡಿಮೆ. ತಂತಿಯ ತುದಿ ಚುಚ್ಚದಂತೆ ಮಡಿಸಿಡಿ. ಬಾಯಿಗಿಡುವ ಮಗುವಿಗೆ ಮಣಿ 4.5 ಸೆಂಟಿಮೀಟರಿಗಿಂತ ದೊಡ್ಡದಿರಲಿ.

ಇನ್ನು ಕತ್ತರಿ. ಕಲಿಕೆಯ ಕತ್ತರಿ ಎಂಬ ಒಂದೇ ಹೆಸರಿನಡಿ ನಾಲ್ಕು ಬೇರೆ ಬೇರೆ ವಸ್ತುಗಳನ್ನು ಮಾರುತ್ತಾರೆ. ಇಡೀ ಕೈಯಿಂದ ಹಿಸುಕುವ, ಬೆರಳ ತೂತೇ ಇಲ್ಲದ ಬಳೆಯಾಕಾರದ ಕತ್ತರಿ. ದೊಡ್ಡವರ ಬೆರಳಿಗೂ ಜಾಗವಿರುವ ನಾಲ್ಕು ತೂತಿನ ಕತ್ತರಿ. ಅಲಗೂ ಪ್ಲಾಸ್ಟಿಕ್ಕಿನದೇ ಆದ ಕತ್ತರಿ. ಸ್ಪ್ರಿಂಗ್ ಪಟ್ಟಿಯನ್ನು ಬೇಕಾದಾಗ ಸಿಕ್ಕಿಸಿ ಬೇಡವಾದಾಗ ಬಿಡಿಸಬಹುದಾದ ಮಾಮೂಲಿ ಆಕಾರದ ಕತ್ತರಿ. ಈ ಮಕ್ಕಳಿಗೆ ನಾವು ಒಪ್ಪುವುದು ಕೊನೆಯದನ್ನು. ಸಡಿಲ ಕೈಗೆ ಕತ್ತರಿ ಮುಚ್ಚುವುದಕ್ಕಿಂತ ತೆರೆಯುವುದು ಕಷ್ಟ. ಸ್ಪ್ರಿಂಗ್ ಆ ಒಂದು ಕೆಲಸವನ್ನು ಮಾತ್ರ ಮಾಡಿಕೊಡುತ್ತದೆ, ಬೆರಳುಗಳ ಜಾಗ ಮುಂದೆ ಬಳಸುವ ಕತ್ತರಿಯಂತೆಯೇ ಇರುತ್ತದೆ. ಕಲಿತ ಮೇಲೆ ಪಟ್ಟಿ ಬಿಡಿಸಿದರೆ ಸಾಕು, ಹೊಸ ಹಿಡಿತ ಕಲಿಯಬೇಕಿಲ್ಲ. ಬಳೆ ಕತ್ತರಿ ಬೆರಳುಗಳಿಗೆ ಬಿಡಿಬಿಡಿಯಾಗಿ ಕೆಲಸ ಕೊಡುವುದಿಲ್ಲ, ಆದರೆ ಕೈಯಲ್ಲಿ ಶಕ್ತಿ ತೀರಾ ಕಡಿಮೆ ಇದ್ದಾಗ ಕತ್ತರಿಸುವ ಸಂತೋಷವನ್ನು ಬೇಗ ಕೊಡುತ್ತದೆ. ನಾಲ್ಕು ತೂತಿನದರಲ್ಲಿ ದೊಡ್ಡವರ ಬೆರಳೇ ಕೆಲಸ ಮಾಡಿ ಮುಗಿಸಿರುತ್ತದೆ. ಪ್ಲಾಸ್ಟಿಕ್ ಅಲಗು ಹಿಟ್ಟಿನ ಮುದ್ದೆಗೆ ಮಾತ್ರ.

ಕಾಗದ ಕತ್ತರಿಸದೆ ಅಲಗುಗಳ ನಡುವೆ ಮಡಚಿಕೊಂಡರೆ ಮಗುವಿನ ಕೈಯನ್ನು ದೂರುವ ಮೊದಲು ನಾಲ್ಕು ವಿಷಯ ನೋಡಿ. ಕತ್ತರಿಯ ಸ್ಕ್ರೂ ಸಡಿಲವಾಗಿದೆಯೇ? ಕಾಗದ ತೆಳುವೇ? ಎಡಗೈ ಮಗುವಿಗೆ ಬಲಗೈ ಕತ್ತರಿ ಕೊಟ್ಟಿದ್ದೀರಾ? ಹಾಗಿದ್ದರೆ ಒತ್ತಿದಾಗ ಅಲಗುಗಳು ಒಂದರಿಂದೊಂದು ದೂರ ಸರಿಯುತ್ತವೆ, ಗೆರೆಯೂ ಕಣ್ಣಿಗೆ ಕಾಣುವುದಿಲ್ಲ. ನಾಲ್ಕನೆಯದು, ಕತ್ತರಿ ಹಿಡಿದ ಕೈ ಹೆಬ್ಬೆರಳು ಕೆಳಗಾಗಿ ಮಗುಚಿದೆಯೇ? ಹೆಬ್ಬೆರಳ ಉಗುರಿನ ಮೇಲೊಂದು ಸ್ಟಿಕ್ಕರ್ ಅಂಟಿಸಿ, 'ಸ್ಟಿಕ್ಕರ್ ಮೇಲೆ ಕಾಣಲಿ' ಎಂದರೆ ಅದು ಸರಿಹೋಗುತ್ತದೆ. ಮೊಣಕೈ ರೆಕ್ಕೆಯಂತೆ ಹೊರಗೆ ಹೋಗುತ್ತಿದ್ದರೆ ಕಂಕುಳಲ್ಲಿ ಮಡಚಿದ ಬಟ್ಟೆ ಇಟ್ಟು ಹಿಡಿದುಕೊಳ್ಳಲು ಹೇಳಿ.

80 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ಇರುವ ಮಾಮೂಲಿ ಕಾಗದಕ್ಕಿಂತ 160ರಿಂದ 200 ಜಿಎಸ್‌ಎಂ ಕಾರ್ಡು ಸುಲಭ, ಏಕೆಂದರೆ ಅದು ಜೋತುಬೀಳದೆ ನಿಲ್ಲುತ್ತದೆ. ಮೊದಲ ಹಂತಕ್ಕೆ ಎರಡು ಸೆಂಟಿಮೀಟರ್ ಅಗಲದ ಪಟ್ಟಿ, ಒಂದೇ ಕಚಕ್ಕಿಗೆ ತುಂಡಾಗುವಂಥದ್ದು. ಕೆಳಗೆ ಬಟ್ಟಲಿಟ್ಟರೆ ಬಿದ್ದ ತುಂಡುಗಳೇ ಮಗುವಿಗೆ ಲೆಕ್ಕ. ಆಮೇಲೆ ಪಟ್ಟಿಯ ಅಗಲ ನಾಲ್ಕು ಸೆಂಟಿಮೀಟರ್, ಎರಡು ಮೂರು ಕಚಕ್ಕು ಬೇಕಾಗುವಷ್ಟು. ಇಲ್ಲಿ ಹೊಸ ಕಷ್ಟ ಬರುತ್ತದೆ: ಒಮ್ಮೆ ಮುಚ್ಚಿದ ಮೇಲೆ ಕತ್ತರಿಯನ್ನು ಹೊರಗೆ ಎಳೆಯದೆ ತೆರೆದು ಮುಂದೆ ತಳ್ಳಬೇಕು. ಬಹಳಷ್ಟು ಮಕ್ಕಳು ನಿಲ್ಲುವುದು ಇಲ್ಲೇ. ಅಲಗನ್ನು ಪೂರ್ತಿ ಮುಚ್ಚದಂತೆ ತಡೆಯಲು ಬೆರಳ ತೂತುಗಳ ನಡುವೆ, ಹಿಡಿಯ ಒಳಬದಿಗೆ, ದಪ್ಪ ಫೋಮಿನ ಚೂರು ಅಂಟಿಸಿದರೆ ಉಪಕಾರವಾಗುತ್ತದೆ. ಅದು ಸರಾಗವಾದ ಮೇಲೆ 5 ಮಿಲಿಮೀಟರ್ ದಪ್ಪದ ಗಾಢ ಗೆರೆ ಎಳೆದು 10 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸುವುದು, ಕೊನೆಗೆ ಬಾಗು ಗೆರೆ. ಬಾಗು ಬಂದಾಗ ತಿರುಗಬೇಕಾದದ್ದು ಕಾಗದ ಹಿಡಿದ ಕೈ. ಆ ಕೈಯ ಹೆಬ್ಬೆರಳೂ ಮೇಲಿರಬೇಕು. ಯಾವ ಕೈ ಮುಖ್ಯ ಎಂಬುದು ಈ ಮಕ್ಕಳಲ್ಲಿ ತಡವಾಗಿ ನಿಲ್ಲುತ್ತದೆ. ಕತ್ತರಿಯನ್ನು ನಟ್ಟನಡುವೆ ಇಟ್ಟು, ಅವರೇ ಎತ್ತಿಕೊಳ್ಳಲಿ.

ಪೆನ್ಸಿಲ್ ಗ್ರಿಪ್‌ಗಳ ಮೇಲೆ ಜನ ಇಡುವ ನಂಬಿಕೆ ಅವು ಕೊಡುವ ಫಲಕ್ಕಿಂತ ದೊಡ್ಡದು. ಗ್ರಿಪ್ ಬೆರಳುಗಳಿಗೆ ಜಾಗ ತೋರಿಸುತ್ತದೆ, ಶಕ್ತಿ ಕೊಡುವುದಿಲ್ಲ. ಹೆಬ್ಬೆರಳಿಗೆ, ತೋರುಬೆರಳಿಗೆ ಬೇರೆ ಬೇರೆ ತಗ್ಗಿರುವ ಸಿಲಿಕೋನ್ ಗ್ರಿಪ್ ಒಳ್ಳೆಯದು. ಎಡ ಬಲ ಗುರುತು ನೋಡಿ, ಮೊನೆಯಿಂದ 2ರಿಂದ 2.5 ಸೆಂಟಿಮೀಟರ್ ಮೇಲೆ ಕೂರಿಸಿ. ಹೆಬ್ಬೆರಳು ತೋರುಬೆರಳ ಮೇಲೆ ಹತ್ತಿ ಕೂರುವ ಮಕ್ಕಳಿಗೆ ನಡುವೆ ರೆಕ್ಕೆ ಅಡ್ಡವಿರುವ ಗ್ರಿಪ್ ಹೊಂದುತ್ತದೆ. ಬೆರಳುಗಳನ್ನು ಟೊಪ್ಪಿಗೆಯಂಥ ತೂತಿನೊಳಗೆ ತೂರಿಸುವ ಗ್ರಿಪ್ಪನ್ನು ಮಾತ್ರ ನಾವು ಒಪ್ಪುವುದಿಲ್ಲ. ಗಿಡ್ಡ ಬೆರಳು ಅದರ ತುದಿ ಮುಟ್ಟುವುದಿಲ್ಲ, ಮುಟ್ಟಿದರೂ ಬೆರಳು ಅಲ್ಲೇ ಸೆರೆಯಾಗಿ, ಬರೆಯುವ ಚಲನೆಯೆಲ್ಲ ಮಣಿಕಟ್ಟಿನಿಂದಲೇ ಬರುತ್ತದೆ. ಫೋಮಿನ ಉರುಟು ಗ್ರಿಪ್ ದಪ್ಪ ಕೊಡುತ್ತದೆ ಅಷ್ಟೇ, ಸ್ವಲ್ಪ ದಿನಕ್ಕೇ ಪೆನ್ಸಿಲಿನ ಮೇಲೆ ತಿರುಗತೊಡಗುತ್ತದೆ.

ಗ್ರಿಪ್ಪಿಗಿಂತ ಮೊದಲು ಮಾಡಿ ನೋಡಬೇಕಾದದ್ದು ಕ್ರೇಯಾನನ್ನು ಮುರಿದು ಮೂರು ನಾಲ್ಕು ಸೆಂಟಿಮೀಟರ್ ತುಂಡು ಮಾಡುವುದು. ಅಷ್ಟು ಗಿಡ್ಡದ್ದನ್ನು ಮುಷ್ಟಿಯಲ್ಲಿ ಹಿಡಿಯಲು ಜಾಗವೇ ಇರುವುದಿಲ್ಲ, ಬೆರಳ ತುದಿಗಳು ತಾವಾಗಿಯೇ ಸೇರುತ್ತವೆ. ಇದೂ ಬಾಯಿಗಿಡದ ಮಕ್ಕಳಿಗೆ ಮಾತ್ರ. ಹಿಡಿತ ಪಠ್ಯದಲ್ಲಿರುವಂತೆ ಮೂರು ಬೆರಳಿನದೇ ಆಗಬೇಕೆಂಬ ಹಟ ಬೇಡ. ನಾಲ್ಕು ಬೆರಳಿನ ಹಿಡಿತದಲ್ಲಿ ಬೆರಳು ಅಲುಗುತ್ತಿದ್ದು, ನೋವಿಲ್ಲದೆ ಬರೆಯುತ್ತಿದ್ದರೆ ಅದನ್ನು ಬಿಟ್ಟುಬಿಡಿ. ಹೆಬ್ಬೆರಳು ತೀರಾ ಸಡಿಲವಿದ್ದರೆ ಪೆನ್ಸಿಲನ್ನು ತೋರುಬೆರಳು ಮತ್ತು ನಡುಬೆರಳ ಸಂದಿಯಲ್ಲಿ ಒರಗಿಸಿ ಹಿಡಿಯುವುದನ್ನು ಕಲಿಸಬಹುದು. ಪೆನ್ಸಿಲಿನ ಭಾರ ಆ ಸಂದಿಯೇ ಹೊರುವುದರಿಂದ ಹೆಬ್ಬೆರಳಿಗೆ ಆಧಾರ ಕೊಡುವ ಕೆಲಸ ತಪ್ಪುತ್ತದೆ.

ಬರಹ ಮಸುಕಾಗಿ ಬರುತ್ತದೆ ಎಂಬುದು ಸಾಮಾನ್ಯ ದೂರು. ಒತ್ತಡ ಕಡಿಮೆ ಇರುವ ಕೈಗೆ ಎಚ್‌ಬಿ ಸೀಸದ ಬದಲು 2ಬಿ ಇಂದ 4ಬಿ ಪೆನ್ಸಿಲ್ ಕೊಟ್ಟರೆ ಅಷ್ಟೇ ಒತ್ತಡಕ್ಕೆ ಕಪ್ಪಾದ ಗೆರೆ ಬರುತ್ತದೆ. ಅಕ್ಷರದ ಆಕಾರ ಕಲಿಸುವಾಗ ಒತ್ತಡ ಬೇಡದ ಮಾರ್ಕರ್ ಪೆನ್ನು ಕೊಡಿ, ಒತ್ತಡ ಅಭ್ಯಾಸ ಮಾಡಿಸುವಾಗ ಕ್ರೇಯಾನ್ ಕೊಡಿ. ಎರಡನ್ನೂ ಒಂದೇ ಹೊತ್ತಿಗೆ ಕೇಳಬೇಡಿ. ಕಣ್ಣಿನ ಸಂಗತಿ ಇಲ್ಲಿ ಬಹಳ ಮುಖ್ಯ. ಡೌನ್ ಸಿಂಡ್ರೋಮ್ ಇರುವ ಬಹುಪಾಲು ಮಕ್ಕಳಲ್ಲಿ ಹತ್ತಿರದ ವಸ್ತುವಿಗೆ ಕಣ್ಣು ಸರಿಯಾಗಿ ಫೋಕಸ್ ಆಗುವುದಿಲ್ಲ ಎಂದು ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ದೂರದ ಕನ್ನಡಕ ಹಾಕಿದ್ದರೂ ಪುಸ್ತಕದ ಗೆರೆ ಮಂಜಾಗಿರಬಹುದು. ಮೇಲರ್ಧ ದೂರಕ್ಕೆ, ಕೆಳಗಿನರ್ಧ ಹತ್ತಿರಕ್ಕೆ ಇರುವ ಬೈಫೋಕಲ್ ಕನ್ನಡಕ ಇದಕ್ಕೆ ಒಳ್ಳೆಯ ಉತ್ತರ. ಓರೆ ಹಲಗೆ ಬಳಸುವುದಿದ್ದರೆ ಸುಮಾರು 20 ಡಿಗ್ರಿ ಸಾಕು. ಬೈಫೋಕಲ್ ಹಾಕಿದ ಮಗುವಿಗೆ ಹಲಗೆ ಇನ್ನೂ ಕಡಿದಾದರೆ ಕನ್ನಡಕದ ಮೇಲರ್ಧದಿಂದ ನೋಡಬೇಕಾಗಿ ಬಂದು, ಇದ್ದ ಅನುಕೂಲವೂ ಹೋಗುತ್ತದೆ. ಗಾಢ, ದಪ್ಪ ಗೆರೆಯ ಹಾಳೆ ಎಲ್ಲರಿಗೂ ಒಳ್ಳೆಯದು.

ತೂಕದ ಪೆನ್ಸಿಲ್, ತೂಕದ ಕೈಪಟ್ಟಿ ಬೇಡ. ಸಡಿಲ ಕೈಯನ್ನು ಅವು ಬೇಗ ದಣಿಸುತ್ತವೆ. ಬೆರಳು ಚುರುಕಾಗಲೆಂದು ಚರ್ಮವನ್ನು ಬ್ರಶ್‌ನಿಂದ ಉಜ್ಜುವ ಕ್ರಮಕ್ಕೆ ಗಟ್ಟಿ ಆಧಾರವಿಲ್ಲ. ಟ್ಯಾಬ್ಲೆಟ್ಟಿನ ಆ್ಯಪ್‌ಗಳು ಅಕ್ಷರದ ದಾರಿಯನ್ನು ಕಣ್ಣಿಗೆ ತೋರಿಸಲು ಸರಿ, ಆದರೆ ಗಾಜು ಬೆರಳಿಗೆ ಎದುರು ಒತ್ತಡ ಕೊಡುವುದಿಲ್ಲ, ಹೆಬ್ಬೆರಳಿಗಂತೂ ಕೆಲಸವೇ ಇಲ್ಲ.

ಕಿಟ್ಟಿನ ಜೊತೆ ಬರುವ ಕೈಪಿಡಿಗಳ ದೊಡ್ಡ ಕೊರತೆ ಕಲಿಸುವ ರೀತಿಯದು. ಎಲ್ಲ ಸೂಚನೆಗಳೂ ಮಾತಿನಲ್ಲಿವೆ. ಈ ಮಕ್ಕಳಲ್ಲಿ ಕೇಳಿದ್ದನ್ನು ಕ್ಷಣಕಾಲ ನೆನಪಿಟ್ಟುಕೊಳ್ಳುವುದು ದುರ್ಬಲ, ಕಂಡದ್ದನ್ನು ಕಲಿಯುವುದು ಬಲ. ಕಿವಿಯೊಳಗೆ ನೀರು ನಿಂತು ಕೇಳಿಸುವುದೇ ಕಡಿಮೆಯಾಗಿರುವುದೂ ಸಾಮಾನ್ಯ. ಆದ್ದರಿಂದ ಮಾಡಿ ತೋರಿಸಿ. ಎದುರು ಕೂತರೆ ನಿಮ್ಮ ಬಲಗೈ ಮಗುವಿಗೆ ಎಡಗಡೆ ಕಾಣುತ್ತದೆ, ಅದಕ್ಕೇ ಪಕ್ಕದಲ್ಲಿ ಅದೇ ದಿಕ್ಕಿಗೆ ಮುಖಮಾಡಿ ಕೂರಬೇಕು. ತೋರಿಸಿದ ಮೇಲೆ ಹತ್ತು ಸೆಕೆಂಡ್ ಸುಮ್ಮನಿರಿ. ನಾಲ್ಕನೇ ಸೆಕೆಂಡಿಗೆ ಮತ್ತೆ ಹೇಳಿದರೆ ಶುರುವಾಗಿದ್ದ ಯೋಚನೆ ಅಲ್ಲಿಗೇ ಕಡಿದು ಮೊದಲಿನಿಂದ ಆರಂಭವಾಗುತ್ತದೆ. ಸಹಾಯ ಬೇಕಾದರೆ ಬೆರಳನ್ನು ಹಿಡಿಯದೆ ಮುಂಗೈಯನ್ನೋ ಮಣಿಕಟ್ಟನ್ನೋ ಆಧರಿಸಿ. ದಿನಕ್ಕೆ ಎರಡು ಸಲ ಹತ್ತು ಹತ್ತು ನಿಮಿಷ, ಒಂದೇ ಸಲ ಒಂದು ಗಂಟೆಗಿಂತ ಎಷ್ಟೋ ಮೇಲು. ಪುಟ್ಟಿ ಒತ್ತಿದ ಶಕ್ತಿ ತಾನಾಗಿಯೇ ಗುಂಡಿಗೆ ವರ್ಗವಾಗುವುದೂ ಇಲ್ಲ. ಗುಂಡಿ ಹಾಕುವುದು ಬರಬೇಕಾದರೆ ಗುಂಡಿಯನ್ನೇ ಅಭ್ಯಾಸ ಮಾಡಬೇಕು.

ಅದಕ್ಕೆಂದೇ ಇರುವ ಗುಂಡಿ ಹಲಗೆ ಪೆಟ್ಟಿಗೆಯ ಕೊನೆಯ ವಸ್ತು. ಮೇಜಿನ ಮೇಲೆ ಮಲಗಿಸಿ ಬಳಸುವಂತೆ ಮಾಡಿರುತ್ತಾರೆ, ತೊಂದರೆ ಅಲ್ಲೇ. ಮೇಜಿನ ಮೇಲೆ ಗುಂಡಿ ಎದುರಿಗೆ ಕಾಣುತ್ತದೆ, ಮೈಮೇಲೆ ಅದು ಗದ್ದದ ಕೆಳಗೆ, ಬೇರೆ ಕೋನದಲ್ಲಿರುತ್ತದೆ. ಹಲಗೆಯಲ್ಲಿ ಸಲೀಸಾಗಿ ಹಾಕುವ ಮಗು ಅಂಗಿಯಲ್ಲಿ ತಡವರಿಸುವುದು ಇದರಿಂದ. ಹಲಗೆಯ ಬಟ್ಟೆಯನ್ನು ಬಿಡಿಸಿ, ಎರಡು ಪಟ್ಟಿ ಹೊಲಿದು, ಮಗುವಿನ ಎದೆಗೆ ಕಟ್ಟುವಂತೆ ಮಾಡಿಕೊಳ್ಳಿ. ಹಾಕಿದ್ದಾಗ ಪಕ್ಕದಲ್ಲಿ ನೀವಿರಬೇಕು. ಗುಂಡಿ 2.5ರಿಂದ 3 ಸೆಂಟಿಮೀಟರ್, ಚಪ್ಪಟೆ, ಅಂಚು ದಪ್ಪ. ಕಾಜ ಗುಂಡಿಗಿಂತ 3 ಮಿಲಿಮೀಟರ್ ದೊಡ್ಡದು. ಗುಂಡಿಯ ಬಣ್ಣಕ್ಕೂ ಬಟ್ಟೆಯ ಬಣ್ಣಕ್ಕೂ ಎದ್ದು ಕಾಣುವ ವ್ಯತ್ಯಾಸವಿರಲಿ. ಗುಂಡಿಯನ್ನು ಬಟ್ಟೆಗೆ ಅಂಟಿಸಿ ಹೊಲಿಯದೆ ಒಂದು ಸೆಂಟಿಮೀಟರ್ ದಾರದ ಕತ್ತು ಬಿಟ್ಟು ಹೊಲಿಯಿರಿ, ಓರೆಯಾಗಿ ತಿರುಗಲು ಅದಕ್ಕೆ ಎಡೆ ಬೇಕು.

ಕಲಿಸುವುದು ಕೊನೆಯಿಂದ ಹಿಂದಕ್ಕೆ. ಗುಂಡಿಯ ಮುಕ್ಕಾಲು ಭಾಗವನ್ನು ನೀವೇ ಕಾಜದಿಂದ ಹೊರತಂದು ನಿಲ್ಲಿಸಿ, ಎಳೆದು ಮುಗಿಸುವುದು ಮಾತ್ರ ಮಗುವಿನದು. ಅದು ತಪ್ಪದೆ ಬರುವಾಗ ಅರ್ಧಕ್ಕೆ ನಿಲ್ಲಿಸಿ. ಆಮೇಲೆ ಗುಂಡಿಯ ಅಂಚು ಮಾತ್ರ ಇಣುಕುವಂತೆ ಬಿಡಿ. ಈ ಹಂತದಲ್ಲಿ ಒಂದು ಕೈ ಗುಂಡಿ ಚಿವುಟಿ ಹಿಡಿದು ಇನ್ನೊಂದು ಕೈ ಬಟ್ಟೆಯನ್ನು ಅದರ ಮೇಲಿಂದ ಎಳೆಯಬೇಕು, ಹೆಬ್ಬೆರಳು ಹಿಂದಕ್ಕೆ ಬಾಗುತ್ತದೆಯೇ ಎಂದು ಮತ್ತೆ ನೋಡಬೇಕಾದದ್ದು ಆಗಲೇ. ಕೊನೆಗೆ ತಳ್ಳುವುದೂ ಮಗುವಿಗೇ. ನಿಜವಾದ ಅಂಗಿಗೆ ಬಂದಾಗ ಹೊಟ್ಟೆಯ ಮಟ್ಟದ ಗುಂಡಿಯಿಂದ ಶುರು ಮಾಡಿ, ಅಲ್ಲಿ ಕಣ್ಣು ಮತ್ತು ಕೈ ಎರಡೂ ಸೇರುತ್ತವೆ. ಒಂದೊಂದಾಗಿ ಮೇಲಕ್ಕೆ ಹೋಗಿ. ಕತ್ತಿನ ಗುಂಡಿ ಕಣ್ಣಿಗೆ ಕಾಣುವುದಿಲ್ಲ, ಬೆರಳ ಸ್ಪರ್ಶದಿಂದಲೇ ಹಾಕಬೇಕು. ಅದು ಎಲ್ಲಕ್ಕಿಂತ ಕೊನೆಗೆ ಬರಲಿ, ಅಲ್ಲಿಯವರೆಗೆ ಅದೊಂದನ್ನು ನೀವು ಹಾಕಿಕೊಟ್ಟರೆ ಏನೂ ತಪ್ಪಿಲ್ಲ.